ರಾತ್ರಿ ತಂಗುವ ಊರಿನ ಎತ್ತರವನ್ನೂ ಮುದ್ರಿಸಿ

ಮಾನ್ಯ ಸಂಪಾದಕರೇ,

ದಕ್ಷಿಣ ಅಮೆರಿಕದ ಪ್ರವಾಸದ ಬಗ್ಗೆ ಕನ್ನಡ ಪತ್ರಿಕೆಗಳಲ್ಲಿ ಲೇಖನಗಳೂ ಜಾಹೀರಾತುಗಳೂ ಹೆಚ್ಚುತ್ತಿರುವುದು ಭೂಗೋಳ ಕಲಿಸಿದ ನನ್ನಂಥವರಿಗೆ ನಿಜಕ್ಕೂ ಸಂತೋಷದ ಸಂಗತಿ. ಆದರೆ ಈಕ್ವೆಡಾರ್ ದೇಶದ ಜ್ವಾಲಾಮುಖಿಗಳ ಪ್ರವಾಸವನ್ನು ವರ್ಣಿಸುವ ಬರಹಗಳಲ್ಲಿ ಹಿಮಶಿಖರಗಳ ಚಿತ್ರಗಳು ಧಾರಾಳವಾಗಿರುತ್ತವೆಯೇ ಹೊರತು, ಹೊರಡುವವರು ಮೊದಲು ತಿಳಿಯಬೇಕಾದ ಎರಡು ವಿವರಗಳು ಸಿಗುವುದಿಲ್ಲ. ಪ್ರತಿ ರಾತ್ರಿ ಮಲಗುವ ಊರು ಎಷ್ಟು ಎತ್ತರದಲ್ಲಿದೆ ಎಂಬುದು ಒಂದು, ಆ ವಸತಿಯನ್ನು ನಡೆಸುವವರು ಯಾರು ಎಂಬುದು ಇನ್ನೊಂದು. ಅಲ್ಲಿನ ಮಾರ್ಗದರ್ಶಕರೊಡನೆ ಕಿಲೊಟೊವಾ ಎಂಬ ಜ್ವಾಲಾಮುಖಿಯ ಕುಳಿಯಲ್ಲಿರುವ ಸರೋವರದ ಸುತ್ತಿನ ಹಳ್ಳಿಗಳನ್ನು ನಡೆದು ನೋಡಿ ಬಂದ ಮೇಲೆ, ಇಡೀ ಪ್ರವಾಸದ ಒಳಿತು ಕೆಡುಕು ಈ ಎರಡರ ಮೇಲೆಯೇ ನಿಂತಿದೆ ಎಂದು ನನಗೆ ಮನವರಿಕೆಯಾಗಿದೆ.

ನಮ್ಮ ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ ಸಮುದ್ರಮಟ್ಟದಿಂದ ಸುಮಾರು 1,930 ಮೀಟರ್ ಎತ್ತರದಲ್ಲಿದೆ. ಈಕ್ವೆಡಾರ್‌ನ ರಾಜಧಾನಿ ಕೀಟೊ ಇರುವುದು 2,850 ಮೀಟರ್‌ನಲ್ಲಿ. ಅಂದರೆ ವಿಮಾನದಿಂದ ಇಳಿದು ನಗರದ ಹೋಟೆಲಿಗೆ ಬಂದು ಮಲಗುವ ಮೊದಲ ರಾತ್ರಿಯೇ ನಾವು ಕರ್ನಾಟಕದಲ್ಲಿ ಎಲ್ಲಿಯೂ ಏರಲಾಗದಷ್ಟು ಎತ್ತರದಲ್ಲಿರುತ್ತೇವೆ. ನನ್ನ ಪರಿಚಿತರೊಬ್ಬರಿಗೆ ಪ್ರವಾಸ ಸಂಸ್ಥೆಯೊಂದು ಕೊಟ್ಟ ದಿನಚರಿಯಲ್ಲಿ, ಬಂದಿಳಿದ ಮರುದಿನ ಬೆಳಿಗ್ಗೆಯೇ ಕೊಟೊಪಾಕ್ಸಿ ಜ್ವಾಲಾಮುಖಿ ಪರ್ವತದ 4,864 ಮೀಟರ್ ಎತ್ತರದ ತಂಗುಮನೆಗೆ ಹತ್ತುವ ಕಾರ್ಯಕ್ರಮವಿತ್ತು. ಅಲ್ಲಿ ಒಂದೊಂದು ಉಸಿರಿನಲ್ಲಿ ದೇಹಕ್ಕೆ ದಕ್ಕುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ತಲೆನೋವು, ವಾಕರಿಕೆ, ನಿದ್ದೆಗೇಡಿನಿಂದ ಶುರುವಾಗುವ ಎತ್ತರದ ಕಾಯಿಲೆ ಕೆಲವರಲ್ಲಿ ಶ್ವಾಸಕೋಶದಲ್ಲಿ ನೀರು ತುಂಬುವ ಅಥವಾ ಮೆದುಳು ಊದಿಕೊಳ್ಳುವ ಹಂತಕ್ಕೆ ಹೋಗಿ ಪ್ರಾಣಕ್ಕೇ ಕುತ್ತು ತರಬಲ್ಲದು. ಆಗ ತಡಮಾಡದೆ ಕೆಳಗಿಳಿಸುವುದೇ ಮುಖ್ಯ ಚಿಕಿತ್ಸೆ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ ಐನೂರು ಮೀಟರ್‌ಗಿಂತ ಹೆಚ್ಚು ಏರಿಸಬಾರದು, ನಡುನಡುವೆ ಒಂದು ದಿನದ ವಿಶ್ರಾಂತಿ ಇರಬೇಕು ಎಂದು ವೈದ್ಯರು ಹೇಳುತ್ತಾರೆ. ನಿವೃತ್ತಿಯ ಹಣದಲ್ಲಿ, ಅರವತ್ತು ದಾಟಿದ ಮೇಲೆ ಇಂಥ ಪ್ರವಾಸ ಕೈಗೊಳ್ಳುವ ದಂಪತಿಗಳು ನಮ್ಮಲ್ಲಿ ಬಹಳಷ್ಟು ಮಂದಿ ಇದ್ದಾರೆ. ಅವರಿಗೆ ಈ ಲೆಕ್ಕವನ್ನು ಮೊದಲೇ ತಿಳಿಸದೆ ಹಣ ಕಟ್ಟಿಸಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ.

ಈ ನಿಯಮಕ್ಕೆ ಹೊಂದುವ ಒಂದು ದಾರಿ ಅಲ್ಲಿಯೇ ಇದೆ. ಕೀಟೊದಲ್ಲಿ ಒಂದೆರಡು ದಿನ ಸುಮ್ಮನೆ ಕಳೆದು, ಲತಾಕುಂಗ ಪಟ್ಟಣದ ಮೂಲಕ ಸಿಗ್ಚೋಸ್ ತಲುಪಿ, ಅಲ್ಲಿಂದ ಇಸಿನ್ಲಿವಿ, ಚುಗ್ಚಿಲಾನ್ ಹಳ್ಳಿಗಳಲ್ಲಿ ಒಂದೊಂದು ರಾತ್ರಿ ತಂಗುತ್ತ ಕಿಲೊಟೊವಾ ಸರೋವರಕ್ಕೆ ನಡೆಯುವ ದಾರಿ ಅದು. ಮೊದಲ ಹಳ್ಳಿಗಳು ಹೆಚ್ಚುಕಡಿಮೆ ಕೀಟೊದಷ್ಟೇ ಎತ್ತರದಲ್ಲಿವೆ, ಚುಗ್ಚಿಲಾನ್ ಸ್ವಲ್ಪ ಮೇಲಿದೆ, ಸರೋವರದ ಅಂಚು ಮಾತ್ರ 3,900 ಮೀಟರ್ ದಾಟುತ್ತದೆ. ಹೀಗಾಗಿ ಅತ್ಯಂತ ಕಠಿಣವಾದ ಏರು ದೇಹ ಪಳಗಿದ ಮೇಲೆ, ಕೊನೆಯ ದಿನಕ್ಕೆ ಬರುತ್ತದೆ. ಇದೇ ದಾರಿಯನ್ನು ಸರೋವರದಿಂದ ಆರಂಭಿಸಿ ಕೆಳಮುಖವಾಗಿ ಮಾಡಿಸುವವರೂ ಇದ್ದಾರೆ. ಕಾಲಿಗೆ ಅದು ಸುಲಭವಿರಬಹುದು, ಆದರೆ ಮೊದಲ ರಾತ್ರಿಯ ನಿದ್ದೆಗೂ ತಲೆಗೂ ಅದು ಒಳ್ಳೆಯದಲ್ಲ.

ಮೇಲ್ಮುಖವಾಗಿ ನಡೆಯುವವರಿಗೆ ಭೂಮಿಯ ಕತೆಯೂ ಸರಿಯಾದ ಕ್ರಮದಲ್ಲಿ ಬಿಚ್ಚಿಕೊಳ್ಳುತ್ತದೆ ಎಂಬುದನ್ನು ಹೇಳದೆ ಇರಲಾರೆ. ಇಸಿನ್ಲಿವಿಯಿಂದ ಚುಗ್ಚಿಲಾನ್‌ಗೆ ಹೋಗುವಾಗ ತೋವಾಚಿ ನದಿಯ ಕಮರಿಗೆ ಇಳಿದು ಹತ್ತಬೇಕು. ಕಮರಿಯ ಗೋಡೆಗಳು ಕಲ್ಲಿನಂತೆ ಕಂಡರೂ ಹೆಬ್ಬೆರಳಿನಿಂದ ಒತ್ತಿದರೆ ಪುಡಿಯಾಗಿ ಉದುರುತ್ತವೆ. ಆ ಪುಡಿಯಲ್ಲಿ ನೀರಿನ ಮೇಲೆ ತೇಲುವಷ್ಟು ಹಗುರವಾದ, ತೂತುತೂತಾದ ಬಿಳಿಯ ಚೂರುಗಳು ಸಿಗುತ್ತವೆ. ಸುಮಾರು ಎಂಟುನೂರು ವರ್ಷಗಳ ಹಿಂದೆ ಕಿಲೊಟೊವಾ ಸಿಡಿದಾಗ ಸುತ್ತಲ ಕಣಿವೆಗಳನ್ನು ಮುಚ್ಚಿದ ಬೂದಿ ಅದು. ನದಿ ಅದನ್ನೇ ಕೊರೆದುಕೊಂಡು ಹರಿಯುತ್ತಿದೆ. ಮರುದಿನ ಏರಿ ನಿಂತಾಗ ಕಾಣುವ ಮೂರು ಕಿಲೋಮೀಟರ್ ಅಗಲದ ಕುಳಿ ಮತ್ತು ಅದರ ತಳದ ಹಸಿರು ನೀರು ಅದೇ ಸ್ಫೋಟದ ಇನ್ನೊಂದು ತುದಿ. ಕಾರಿನಲ್ಲಿ ಬಂದು ಅಂಚಿನಲ್ಲಿ ನಿಂತು ಫೋಟೊ ತೆಗೆದು ಹೋಗುವವರಿಗೆ ಇವೆರಡರ ನಂಟು ಹೊಳೆಯುವುದಕ್ಕೆ ಅವಕಾಶವೇ ಇಲ್ಲ.

ಮಾರ್ಗದರ್ಶಕರು ಅದೇ ನೆಲದವರಾಗಿರಬೇಕು ಎನ್ನುವುದಕ್ಕೂ ಕಾರಣವಿದೆ. ಈ ಪರ್ವತಗಳು ಇನ್ನೂ ಜೀವಂತವಾಗಿವೆ. 1877ರಲ್ಲಿ ಕೊಟೊಪಾಕ್ಸಿ ಸಿಡಿದಾಗ ಅದರ ಹಿಮ ಕರಗಿ ಉಂಟಾದ ಕೆಸರಿನ ಪ್ರವಾಹ ಲತಾಕುಂಗವನ್ನು ಹಾಳುಗೆಡವಿತು. 2015ರಲ್ಲಿ ಅದು ಮತ್ತೆ ಬೂದಿ ಉಗುಳಿದ್ದರಿಂದ ರಾಷ್ಟ್ರೀಯ ಉದ್ಯಾನವನ್ನು ಮುಚ್ಚಬೇಕಾಯಿತು. ಟುಂಗುರಾವಾ ಪರ್ವತ 1999ರಲ್ಲಿ ಎಚ್ಚೆತ್ತಾಗ ಬಾನ್ಯೋಸ್ ಪಟ್ಟಣವನ್ನು ತೆರವು ಮಾಡಿಸಲಾಗಿತ್ತು. ಕೆಲವೇ ತಿಂಗಳಲ್ಲಿ ಜನರು ಕಾವಲನ್ನು ಮೀರಿ ತಮ್ಮ ಮನೆಗಳಿಗೆ ಮರಳಿದರು. ಆ ಬಳಿಕ ಪರ್ವತದ ಬುಡದ ರೈತರೇ ಕೈಯಲ್ಲಿ ರೇಡಿಯೊ ಹಿಡಿದು, ಶಬ್ದ, ಬೂದಿ, ತೊರೆಗಳ ಬಣ್ಣವನ್ನು ಗಮನಿಸಿ ವಿಜ್ಞಾನಿಗಳಿಗೆ ವರದಿ ಮಾಡುವ ಕಾವಲು ವ್ಯವಸ್ಥೆಯೊಂದು ಬೆಳೆಯಿತು. ಪರ್ವತವನ್ನು ಹೀಗೆ ದಿನವೂ ನೋಡುವ ಜನರ ಜೊತೆ ನಡೆಯುವುದರಲ್ಲಿರುವ ಭದ್ರತೆ ದೂರದ ನಗರದಿಂದ ಬಂದ ಮಾರ್ಗದರ್ಶಕರಿಂದ ಸಿಗಲಾರದು.

ಇನ್ನು ವಸತಿಯ ವಿಷಯ. ಹಳೆಯ ಜಮೀನ್ದಾರಿ ಬಂಗಲೆಗಳು ಇಂದು ಸುಂದರ ಹೋಟೆಲುಗಳಾಗಿವೆ, ನಮ್ಮ ಜಾಹೀರಾತುಗಳು ಅವನ್ನು ಬಹಳ ಹೊಗಳುತ್ತವೆ. 1964ರ ಭೂಸುಧಾರಣೆಯವರೆಗೂ ಅಂಥ ಎಸ್ಟೇಟುಗಳಲ್ಲಿ ಅಲ್ಲಿನ ಮೂಲನಿವಾಸಿಗಳಾದ ಕಿಚ್ವಾ ಜನರ ಕುಟುಂಬಗಳು ಒಂದು ತುಂಡು ನೆಲದ ಆಸರೆಗಾಗಿ ಜೀತದಂತೆ ದುಡಿಯುತ್ತಿದ್ದವು ಎಂಬುದನ್ನು ಆ ಜಾಹೀರಾತುಗಳು ಹೇಳುವುದಿಲ್ಲ. ಜಮೀನ್ದಾರಿಯಲ್ಲೇ ಹುಟ್ಟಿ ಬೆಳೆದು, ಓದು ಬರೆಹ ಸಿಗದೆ ಹೋದರೂ 1940ರ ದಶಕದಲ್ಲಿ ಕಾಯಾಂಬೆ ಪ್ರದೇಶದಲ್ಲಿ ಕಿಚ್ವಾ ಮಕ್ಕಳಿಗಾಗಿ ಅವರ ನುಡಿಯಲ್ಲಿಯೂ ಕಲಿಸುವ ಶಾಲೆಗಳನ್ನು ತೆರೆದ ದೊಲೋರೆಸ್ ಕಾಕುವಾಂಗೊ ಅವರ ಬಗ್ಗೆ ನಮ್ಮ ಮಾರ್ಗದರ್ಶಕರು ಅತ್ಯಂತ ಗೌರವದಿಂದ ಮಾತನಾಡಿದರು. ಆ ಜನರ ಮಕ್ಕಳು ಮೊಮ್ಮಕ್ಕಳು ಇಂದು ತಾವೇ ವಸತಿಗೃಹ ನಡೆಸುತ್ತಾರೆ, ಸರೋವರದಿಂದ ಮೇಲೇರಲಾಗದವರಿಗೆ ಹೇಸರಗತ್ತೆ ಬಾಡಿಗೆಗೆ ಕೊಡುತ್ತಾರೆ, ತೀಗ್ವಾ ಎಂಬ ಊರಿನಲ್ಲಿ ಕುರಿಯ ಚರ್ಮದ ಮೇಲೆ ಹಬ್ಬ, ಸುಗ್ಗಿ, ಪರ್ವತಗಳ ಚಿತ್ರ ಬರೆದು ಮಾರುತ್ತಾರೆ. ನಮ್ಮ ಹಣ ಅವರ ಕೈಗೆ ನೇರವಾಗಿ ಸೇರುವ ಅವಕಾಶವಿರುವಾಗ ಅದನ್ನು ಬಿಟ್ಟು ಬಂಗಲೆಯನ್ನು ಆರಿಸಿಕೊಳ್ಳುವುದಕ್ಕೆ ನನಗೆ ಕಾರಣ ಕಾಣುವುದಿಲ್ಲ. ಊಟದ ಚಿಂತೆಯೂ ಬೇಡ. ಚುಗ್ಚಿಲಾನ್‌ನ ಮನೆಯೊಡತಿ ನಮಗೆ ಬಡಿಸಿದ್ದು ಆಲೂಗಡ್ಡೆ ಬೇಯಿಸಿ ಮಸೆದು, ಚೀಸ್ ಮತ್ತು ಬೆಣ್ಣೆಹಣ್ಣಿನ ಹೋಳು ಹಾಕಿದ ಗಟ್ಟಿ ಸಾರು, ಜೊತೆಗೆ ಹುರಿದ ಮೆಕ್ಕೆಜೋಳ. ಹಾಸನದ ರೈತರು ಬೆಳೆಯುವ ಆಲೂಗಡ್ಡೆಯ ತವರು ಇದೇ ಆಂಡೀಸ್ ಪರ್ವತಸಾಲು. ಸಸ್ಯಾಹಾರಿಗಳು ಮಾಂಸದ ರಸ ಬೆರೆಸಬೇಡಿರೆಂದು ಮಾರ್ಗದರ್ಶಕರ ಮೂಲಕ ಮೊದಲೇ ಹೇಳಿಸಿದರೆ ಸಾಕು.

ಆದುದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಪ್ರವಾಸ ಪುಟದಲ್ಲಿ ಇಂಥ ಲೇಖನ ಪ್ರಕಟಿಸುವಾಗ ಪ್ರತಿ ರಾತ್ರಿಯ ಊರಿನ ಹೆಸರು, ಅದರ ಎತ್ತರ ಮತ್ತು ವಸತಿ ನಡೆಸುವವರು ಯಾರೆಂಬುದನ್ನು ಪುಟ್ಟ ಪಟ್ಟಿಯಾಗಿ ಕೊಡಿ. ಜಾಹೀರಾತು ನೀಡುವ ಸಂಸ್ಥೆಗಳಿಂದಲೂ ಅದನ್ನೇ ಕೇಳಿ. ಹೃದಯದ ಅಥವಾ ಶ್ವಾಸಕೋಶದ ತೊಂದರೆ ಇರುವವರು ಹಣ ಕಟ್ಟುವ ಮೊದಲು ಆ ಪಟ್ಟಿಯನ್ನು ತಮ್ಮ ವೈದ್ಯರಿಗೆ ತೋರಿಸಬೇಕೆಂಬ ಒಂದು ಸಾಲನ್ನು ಅದರ ಕೆಳಗೆ ಸೇರಿಸಿದರೆ ಉಪಕಾರವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಭೂಗೋಳ ಶಿಕ್ಷಕಿ, ಮೈಸೂರು