ನಿನ್ನ ಕ್ಲೋಯಿ ನಿನಗಿರಲಿ, ನನಗೆ ಎಲೆನಾನೇ ಸರಿ

ಗೆಳೆಯಾ,

ನಿನ್ನ ಮೆಸೇಜ್ ನೋಡಿದೆ. “ಕ್ಲೋಯಿ ಇರುವಾಗ ಆ ಎಲೆನಾ ಯಾಕೋ ಮಾರಾಯ?” ಅಂತ ಕೇಳಿದ್ದೀಯ. ಅದೂ ‘ಅನ್‌ಚಾರ್ಟೆಡ್’ ವಿಡಿಯೋ ಗೇಮ್‌ಗಳ ನಾಯಕ ನೇಥನ್ ಡ್ರೇಕ್‌ಗೆ ಸರಿಯಾದ ಜೋಡಿ ಯಾರು ಅನ್ನುವ ವಿಷಯದಲ್ಲಿ. ಜೊತೆಗೆ ನಗುವ ಎಮೋಜಿ ಬೇರೆ. ಇದು ವಾಟ್ಸಾಪ್‌ನಲ್ಲಿ ಮುಗಿಯುವ ವಿಷಯ ಅಲ್ಲ, ಅದಕ್ಕೇ ಪತ್ರ. ಉಳಿದವರೂ ಓದಲಿ ಅಂತ ಎಲ್ಲರ ಮುಂದೆ ಇಡುತ್ತಿದ್ದೇನೆ. ‘ಅನ್‌ಚಾರ್ಟೆಡ್’ ಆಡದವರಿಗೂ ತಿಳಿಯಬೇಕಲ್ಲ, ಹಾಗಾಗಿ ನಿನಗೆ ಗೊತ್ತಿರುವುದನ್ನೇ ಅಲ್ಲಲ್ಲಿ ಹೇಳುತ್ತೇನೆ, ಸಹಿಸಿಕೋ. ನಾಲ್ಕನೇ ಗೇಮ್ ನೀನಿನ್ನೂ ಮುಟ್ಟಿಲ್ಲ ಅಂತ ಗೊತ್ತು. ಆದರೂ ಕಥೆ ಹೇಳಿಬಿಡುತ್ತೇನೆ. 2016ರ ಗೇಮಿಗೆ ಈಗ ಬಂದು ಸ್ಪಾಯ್ಲರ್ ಅಂತ ಅಳಬೇಡ.

ನೇಥನ್ ಡ್ರೇಕ್, ಅಂದರೆ ನಮ್ಮ ನೇಟ್, ದೊಡ್ಡ ಸುಳ್ಳ. ಅಲ್ಲಿಂದಲೇ ಶುರು ಮಾಡೋಣ. ನಿಧಿ ಹುಡುಕುವವನು, ಮಾತಿನಲ್ಲಿ ಚುರುಕು, ಗೋಡೆ ಹತ್ತುವುದರಲ್ಲಿ ಗಟ್ಟಿಗ, ನಿಜ ಹೇಳುವುದರಲ್ಲಿ ಮಾತ್ರ ಹಿಂದೆ. ಎಲೆನಾ ಫಿಶರ್ ಟಿವಿ ಪತ್ರಕರ್ತೆ. ಮುಚ್ಚಿಟ್ಟದ್ದನ್ನು ಹೊರಗೆ ತೆಗೆಯುವುದೇ ಅವಳ ಕಸುಬು. ಇಂಥ ಇಬ್ಬರಿಗೆ ಗಂಟು ಬಿದ್ದರೆ ಏನಾಗುತ್ತದೋ ಅದೇ ಈ ನಾಲ್ಕು ಗೇಮ್‌ಗಳ ಪ್ರೇಮಕಥೆ.

2007ರ ಮೊದಲ ಗೇಮ್ ನೆನಪಿಸಿಕೋ. ಪನಾಮಾದ ಹತ್ತಿರ ಸಮುದ್ರದಿಂದ ಹಳೇ ಕಾಲದ ಇಂಗ್ಲಿಷ್ ನಾವಿಕ ಸರ್ ಫ್ರಾನ್ಸಿಸ್ ಡ್ರೇಕ್‌ನ ಶವಪೆಟ್ಟಿಗೆ ಮೇಲೆತ್ತುತ್ತಾರೆ. ಖರ್ಚೆಲ್ಲ ಎಲೆನಾಳ ಕಾರ್ಯಕ್ರಮದ್ದು. ಪೆಟ್ಟಿಗೆಯಲ್ಲಿ ಹೆಣ ಇಲ್ಲ, ಒಂದು ಡೈರಿ ಇದೆ. ನೇಟ್ ಮಾಡುವುದೇನು? ಹಳೇ ಸಂಗಾತಿ ಸಲಿ ಜೊತೆ ಸೇರಿಕೊಂಡು ಅವಳನ್ನು ದಕ್ಕೆಯಲ್ಲೇ ಬಿಟ್ಟು ಜಾಗ ಖಾಲಿ ಮಾಡುತ್ತಾನೆ. ಅವಳು ಬಿಡುತ್ತಾಳಾ? ಹುಡುಕಿಕೊಂಡು ಬಂದು ಮುಖಕ್ಕೆ ಒಂದು ಗುದ್ದುತ್ತಾಳೆ. ಆಮೇಲೆ ಅವನ ಜೊತೆಗೇ ಹೊರಡುತ್ತಾಳೆ. ಮುಂದೆ ಅವನು ಸೆರೆಯಲ್ಲಿ ಕೂತಾಗ ಜೀಪ್ ತಂದು, ಕಿಟಕಿಯ ಸರಳಿಗೆ ಕೊಕ್ಕೆ ಹಾಕಿ, ಎಳೆದು ಕೀಳುವವಳೂ ಅವಳೇ. ತಪ್ಪಿಸಿಕೊಂಡು ಓಡುವಾಗ ಸ್ಟೀರಿಂಗ್ ಅವಳ ಕೈಯಲ್ಲಿ, ಹಿಂದೆ ನಿಂತು ಗುಂಡು ಹಾರಿಸುವ ಕೆಲಸ ಇವನದು. ಕೊನೆಗೆ ಖಳನಾಯಕ ಅವಳನ್ನು ಎತ್ತಿಕೊಂಡು ಹೋಗುತ್ತಾನೆ ನೋಡು, ಅದೊಂದು ನನಗೆ ಹಿಡಿಸಲಿಲ್ಲ. ಗೇಮ್‌ಗಳ ಹಳೇ ಚಾಳಿ ಅದು.

ಈಗ ನಿನ್ನ ಕ್ಲೋಯಿ ವಿಷಯಕ್ಕೆ ಬರುತ್ತೇನೆ. 2009ರ ಎರಡನೇ ಗೇಮಿನಲ್ಲಿ ಅವಳು ಕಾಲಿಟ್ಟಾಗ ನಾನೂ ಬಾಯಿ ಬಿಟ್ಟುಕೊಂಡು ನೋಡಿದವನೇ. ಅವಳೂ ನಿಧಿ ಹುಡುಕುವವಳೇ. ಚುರುಕು, ಧೈರ್ಯ, ನೇಟ್‌ನಷ್ಟೇ ಖದೀಮತನ, ಎಲ್ಲ ಇದೆ. ನೇಪಾಳದಲ್ಲಿ ಇಬ್ಬರು ಹೆಂಗಸರೂ ಎದುರುಬದುರು ಆಗುತ್ತಾರಲ್ಲ, ಆಗ ನೇಟ್‌ನ ಮುಖ ನೋಡಬೇಕು. ಎಲೆನಾ ಮಾತ್ರ ಆರಾಮಾಗಿ, ತಾನು ಹೋದ ವರ್ಷದ ಮಾಡೆಲ್ ಅಂತ ತನ್ನ ಪರಿಚಯ ತಾನೇ ಹೇಳಿಕೊಳ್ಳುತ್ತಾಳೆ. ನಾನು ಆಗಲೇ ಅವಳ ಕಡೆ ವಾಲಿದೆ.

ಪೂರ್ತಿ ಅವಳ ಪಕ್ಷ ಸೇರಿದ್ದು ಜೆಫ್ ಬಿದ್ದಾಗ. ಜೆಫ್ ಅಂದರೆ ಅವಳ ಕ್ಯಾಮೆರಾಮನ್. ಓಡುವಾಗ ಅವನಿಗೆ ಗುಂಡು ತಗಲುತ್ತದೆ. ಬಿಟ್ಟು ಹೋಗೋಣ, ಇಲ್ಲದಿದ್ದರೆ ಎಲ್ಲರೂ ಸಾಯುತ್ತೇವೆ ಅಂತ ಕ್ಲೋಯಿ. ಬಿಡಲ್ಲ ಅಂತ ಎಲೆನಾ. ನೇಟ್ ಜೆಫ್‌ನ ತೋಳನ್ನು ಹೆಗಲ ಮೇಲೆ ಹಾಕಿಕೊಳ್ಳುತ್ತಾನೆ, ಅಷ್ಟೇ ತಗೋ, ಕಂಟ್ರೋಲರ್ ಭಾರ ಆದ ಹಾಗೆ ಆಗುತ್ತದೆ. ಓಡಲು ಆಗಲ್ಲ, ಹತ್ತಲು ಆಗಲ್ಲ, ಕೈಯಲ್ಲಿ ಬರೀ ಪಿಸ್ತೂಲು. ಗಲ್ಲಿ ಗಲ್ಲಿಯಲ್ಲಿ ಕಾಲೆಳೆದುಕೊಂಡು ಹೋಗಬೇಕು. ಇಷ್ಟೆಲ್ಲ ಮಾಡಿದ ಮೇಲೂ ಆ ಗೇಮಿನ ಖಳನಾಯಕ ಲಜಾರೆವಿಚ್ ಬಂದು ಜೆಫ್‌ನನ್ನು ಕೊಂದೇಬಿಡುತ್ತಾನೆ. ಲೆಕ್ಕ ಹಾಕಿದರೆ ಕ್ಲೋಯಿ ಹೇಳಿದ್ದೇ ಸರಿ, ಅದನ್ನು ಒಪ್ಪುತ್ತೇನೆ. ಆದರೆ ನೇಟ್ ಆಗ ಯಾರ ಮಾತು ಕೇಳಿದ? ಕ್ಲೋಯಿ ಜೊತೆ ಇದ್ದರೆ ಅವನು ಹೇಗಿದ್ದಾನೋ ಹಾಗೇ ಇದ್ದುಬಿಡಬಹುದು, ಯಾರೂ ಕೇಳಲ್ಲ. ಎಲೆನಾ ಪಕ್ಕದಲ್ಲಿದ್ದರೆ ಅಷ್ಟು ಸುಲಭವಾಗಿ ಬಿಡುವುದಿಲ್ಲ. ನನ್ನ ವಾದ ಇಷ್ಟೇ ಕಣೋ.

ಆ ಗೇಮಿನ ಕೊನೆ ನಿನಗೂ ಇಷ್ಟ ಅಲ್ವಾ? ಗ್ರೆನೇಡ್ ಸಿಡಿದು ಸಾಯುವ ಹಾಗಾಗಿ ಬದುಕಿಕೊಂಡ ಎಲೆನಾ ನೇಟ್‌ನನ್ನು, ನಾನು ಸಾಯ್ತೀನಿ ಅಂತ ಎಷ್ಟು ಹೆದರಿದ್ದೆ, ಹತ್ತಕ್ಕೆ ಎಷ್ಟು ಅಂಕ ಅಂತ ಕೇಳುತ್ತಾಳೆ. ಅವನು ನಾಲ್ಕು ಅಂತಾನೆ. ಅಲ್ಲಿಂದ ಚೌಕಾಸಿ ಶುರು. ಮಾತು ಜೋಕರ್‌ಗಳ ಭಯದವರೆಗೂ ಹೋಗುತ್ತದೆ. “ಐ ಲವ್ ಯೂ” ಅಂತ ಒಬ್ಬರೂ ಹೇಳಲ್ಲ. ಹೇಳಬೇಕು ಅಂತ ನಮಗೂ ಅನ್ನಿಸಲ್ಲ.

ಮೂರನೇ ಗೇಮ್ (2011) ಬೇಗ ದಾಟುತ್ತೇನೆ. ಮದುವೆ ಆಗಿ, ದೂರವೂ ಆಗಿದ್ದಾರೆ. ಎರಡನ್ನೂ ನಮಗೆ ತೋರಿಸಿಲ್ಲ. ಯೆಮೆನ್‌ನಲ್ಲಿ ಸಿಕ್ಕಾಗ ಅವಳ ಬೆರಳಲ್ಲಿ ಉಂಗುರ ನೋಡಿ ನಾವೇ ತಿಳಿದುಕೊಳ್ಳಬೇಕು. ಹಡಗು ಮುಳುಗಿ, ಹೇಗೋ ದಡ ಸೇರಿ, ನೇಟ್ ಬಂದು ಅವಳ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಾನೆ. ಅದೊಂದು ಬಿಟ್ಟರೆ ಇವರಿಬ್ಬರಿಗೆ ಆ ಗೇಮಿನಲ್ಲಿ ಜಾಗವೇ ಕಡಿಮೆ.

ನಾಲ್ಕನೆಯದು ಬೇರೆಯೇ ಮಟ್ಟ. ಹಿಂದಿನ ಮೂರೂ ಗೇಮ್‌ಗಳ ಕಥೆ ಬರೆದ ಏಮಿ ಹೆನ್ನಿಗ್ 2014ರಲ್ಲಿ ಈ ಗೇಮ್‌ಗಳನ್ನು ಮಾಡಿದ ಕಂಪನಿ ನಾಟಿ ಡಾಗ್ ಬಿಟ್ಟರು. ನೀಲ್ ಡ್ರಕ್‌ಮನ್ ಮತ್ತು ಬ್ರೂಸ್ ಸ್ಟ್ರೇಲಿ ವಹಿಸಿಕೊಂಡರು. ನೇಟ್ ಎಲೆನಾ ಈಗ ಮತ್ತೆ ಒಂದಾಗಿ ನ್ಯೂ ಆರ್ಲಿಯನ್ಸ್‌ನಲ್ಲಿ ಸಂಸಾರ ಹೂಡಿದ್ದಾರೆ. ಅವನಿಗೆ ನೀರಲ್ಲಿ ಮುಳುಗಿದ ಸರಕು ಮೇಲೆತ್ತುವ ಕಂಪನಿಯಲ್ಲಿ ಕೆಲಸ. ಎಲ್ಲ ಕಾನೂನು ಪ್ರಕಾರ, ಪರ್ಮಿಟ್ ಇದ್ದರೆ ಮಾತ್ರ ಡೈವಿಂಗ್. ನಾಲ್ಕನೇ ಅಧ್ಯಾಯದಲ್ಲಿ ಅವನು ಅಟ್ಟದ ಮೇಲಿದ್ದಾನೆ. ಹಳೇ ಸಾಹಸಗಳ ಸಾಮಾನೆಲ್ಲ ಅಲ್ಲಿ ಪೇರಿಸಿದೆ. ಆಟಿಕೆ ಪಿಸ್ತೂಲು ಹಿಡಿದು ಗುರಿ ಹೊಡೆಯುತ್ತಾನೆ. ಮೂರು ಗೇಮ್ ತುಂಬಾ ನಿಜವಾದ ಗುಂಡು ಹಾರಿಸಿದ ಅದೇ ಬಟನ್ ಒತ್ತಿ ನಾವು ಈ ಆಟಿಕೆಯನ್ನು ಹಾರಿಸಬೇಕು. ಅಷ್ಟರಲ್ಲಿ ಕೆಳಗಿನಿಂದ ಎಲೆನಾ ಊಟಕ್ಕೆ ಕರೆಯುತ್ತಾಳೆ.

ಇಬ್ಬರೂ ಸೋಫಾದ ಮೇಲೆ ತಟ್ಟೆ ಹಿಡಿದು ಕೂತಿದ್ದಾರೆ. ಅವಳು ತಾನು ಬರೆಯುತ್ತಿರುವ ಲೇಖನದ ಬಗ್ಗೆ ಹೇಳುತ್ತಿದ್ದಾಳೆ. ಅವನ ಕಣ್ಣು ಗೋಡೆಯ ಮೇಲಿನ ಚಿತ್ರದಲ್ಲಿ. ಅವಳ ಮಾತು ಕಿವಿಗೇ ಬಿದ್ದಿಲ್ಲ. ನಾನು ಈಗ ಏನು ಹೇಳಿದೆ ಅಂತ ಅವಳು ಕೇಳುತ್ತಾಳೆ. ಸಿಕ್ಕಿಬಿದ್ದ! ಜಗಳ ಆಗಲ್ಲ. ಮಲೇಷ್ಯಾದಲ್ಲಿ ಪರ್ಮಿಟ್ ಇಲ್ಲದ ಒಂದು ಕೆಲಸ ಬಂದಿತ್ತು, ಅವನು ಬೇಡ ಅಂದಿದ್ದ. ಹೋಗು, ಮಾಡು ಅಂತ ಹೇಳುವವಳು ಅವಳೇ. ಇದನ್ನು ನೆನಪಿಟ್ಟುಕೋ.

ಆಮೇಲೆ ಪಾತ್ರೆ ಯಾರು ತೊಳೆಯಬೇಕು ಅಂತ ಪಂದ್ಯ. ಮನೆಯಲ್ಲಿ ಹಳೇ ಪ್ಲೇಸ್ಟೇಷನ್ ಇದೆ. ಆಟ ಕ್ರ್ಯಾಶ್ ಬ್ಯಾಂಡಿಕೂಟ್, ಇದೇ ನಾಟಿ ಡಾಗ್ 1996ರಲ್ಲಿ ಮಾಡಿದ್ದು. ಎಲೆನಾಳ ಸ್ಕೋರ್ ದಾಟಬೇಕು. ನೇಟ್‌ಗೆ ವಿಡಿಯೋ ಗೇಮ್ ಅಂದರೆ ಏನೂ ಗೊತ್ತಿಲ್ಲ. ಆಡುವವರು ನಾವೇ. ಹಿಂದಿನಿಂದ ಬಂಡೆ ಉರುಳಿಕೊಂಡು ಬರುತ್ತದೆ, ಕ್ರ್ಯಾಶ್ ನಮ್ಮ ಕಡೆಗೇ ಓಡಿಬರುತ್ತಾನೆ, ಮುಂದಿನ ಗುಂಡಿ ಕಾಣುವುದೇ ಇಲ್ಲ. ಪಕ್ಕದಲ್ಲಿ ಕೂತ ಅವಳು ಕಾಲೆಳೆಯುತ್ತಿರುತ್ತಾಳೆ. ಲೋಕವನ್ನೇ ಉಳಿಸಿಬಂದವನು ಪಾತ್ರೆ ತೊಳೆಯುವುದರಿಂದ ತಪ್ಪಿಸಿಕೊಳ್ಳಲು ಒದ್ದಾಡುತ್ತಾನೆ. ಗೇಮ್‌ಗಳಲ್ಲಿ ಪ್ರೀತಿ ಅಂದರೆ ಸಾಮಾನ್ಯವಾಗಿ ಕೊನೆಯ ಬಾಸ್ ಸತ್ತ ಮೇಲೆ ಸಿಗುವ ಮುತ್ತು. ಮದುವೆಯಾದ ಗಂಡ ಹೆಂಡತಿ ರಾತ್ರಿ ಊಟ ಮಾಡುವುದನ್ನು ಯಾರಾದರೂ ಕಂಟ್ರೋಲರ್ ಕೊಟ್ಟು ಆಡಿಸುತ್ತಾರಾ, ನೀನೇ ಹೇಳು.

ಇಷ್ಟೆಲ್ಲ ಕಂಡ ಮೇಲೆ ಬರುವ ಸುಳ್ಳು ಇನ್ನೂ ಜೋರಾಗಿ ತಾಗುತ್ತದೆ. ಹದಿನೈದು ವರ್ಷದ ಹಿಂದೆ ಸತ್ತ ಅಂದುಕೊಂಡಿದ್ದ ಅಣ್ಣ ಸ್ಯಾಮ್ ಬಾಗಿಲಿಗೆ ಬರುತ್ತಾನೆ. ಇಂಥ ಒಬ್ಬ ಅಣ್ಣ ಇದ್ದ ಅಂತಲೇ ಎಲೆನಾಗೆ ಗೊತ್ತಿಲ್ಲ! ಈಗಲಾದರೂ ಹೇಳಬಹುದಿತ್ತು. ಇವನು ಮಲೇಷ್ಯಾ ಕೆಲಸ ಒಪ್ಪಿಕೊಂಡೆ ಅಂತ ಹೇಳಿ ಹಳೇ ಕಾಲದ ಕಡಲ್ಗಳ್ಳ ಹೆನ್ರಿ ಏವರಿಯ ನಿಧಿ ಹಿಂದೆ ಹೊರಡುತ್ತಾನೆ. ಅವಳು ಪ್ರೀತಿಯಿಂದ ಕೊಟ್ಟ ಸಲಹೆಯನ್ನೇ ಸುಳ್ಳಿಗೆ ಬಳಸಿಕೊಂಡ, ದರಿದ್ರದವನು. ಮಡಗಾಸ್ಕರ್‌ನಲ್ಲಿ ಗೋಪುರ ಬೀಳಿಸಿ, ಜೀಪ್ ಉರುಳಿಸಿ, ಕೊಳೆ ಮೆತ್ತಿಕೊಂಡು ಹೋಟೆಲ್ ರೂಮಿಗೆ ಬಂದರೆ ಎಲೆನಾ ಎದುರಿಗಿದ್ದಾಳೆ. ನನಗೆ ಸುಳ್ಳು ಹೇಳಿ ಮುಗಿದಿದ್ದರೆ ನಿನಗೆ ನೀನು ಹೇಳಿಕೊಳ್ಳುವುದನ್ನೂ ನಿಲ್ಲಿಸು ಎಂಬರ್ಥದ ಒಂದು ಮಾತು ಹೇಳಿ ಹೊರಟುಬಿಡುತ್ತಾಳೆ. ಇಡೀ ಸರಣಿಯಲ್ಲಿ ನನ್ನ ಎದೆ ಬಡಿದುಕೊಂಡದ್ದು ಅಲ್ಲೇ.

ಮುಂದೆ ಅವನು ಬಂಡೆಯಿಂದ ಬಿದ್ದಾಗ ಎತ್ತಲು ಬರುವವಳೂ ಅವಳೇ. ಬಂದಳು ಅಂದರೆ ಕ್ಷಮಿಸಿದಳು ಅಂತಲ್ಲ. 17ನೇ ಅಧ್ಯಾಯದಲ್ಲಿ ಇಬ್ಬರೂ ಜೀಪಿನಲ್ಲಿ ಕಾಡಿನೊಳಗೆ ಹೋಗುತ್ತಾರೆ. ತಾಯಿ, ಅನಾಥಾಲಯ, ಡ್ರೇಕ್ ಎಂಬ ಹೆಸರನ್ನು ಅಣ್ಣತಮ್ಮ ತಾವೇ ಇಟ್ಟುಕೊಂಡದ್ದು, ಎಲ್ಲ ಹೇಳುತ್ತಾನೆ. ಅವಳ ಉತ್ತರ ಮೊದಮೊದಲು ಚುಟುಕು. ನಡುವೆ ಎತ್ತರದ ಕಟ್ಟೆ ಬಂದರೆ ಅವನು ಅವಳನ್ನು ಮೇಲೆತ್ತುತ್ತಾನೆ, ಅವಳು ಮೇಲಿನಿಂದ ಅವನಿಗೆ ಕೈ ಕೊಡುತ್ತಾಳೆ. ಎಲ್ಲ ಗೇಮ್‌ಗಳಲ್ಲೂ ನೂರು ಸಲ ಮಾಡಿರುವ ಕೆಲಸ ಅದು. ಇಲ್ಲಿ ಮಾತ್ರ ಅವಳು ಕೈ ಚಾಚಿದಾಗ ಸದ್ಯ, ಮುನಿಸು ಸ್ವಲ್ಪ ಇಳಿದಿದೆ ಅನ್ನಿಸುತ್ತದೆ. ನೇಟ್ ಆಗಿ ನಟಿಸಿದ ನೋಲನ್ ನಾರ್ತ್, ಎಲೆನಾ ಆಗಿ ನಟಿಸಿದ ಎಮಿಲಿ ರೋಸ್ ಬೇರೆ ಬೇರೆ ಬೂತ್‌ನಲ್ಲಿ ಕೂತು ಡಬ್ಬಿಂಗ್ ಮಾಡಿದವರಲ್ಲ. ಒಂದೇ ವೇದಿಕೆಯಲ್ಲಿ ಎದುರುಬದುರು ನಿಂತು ನಟಿಸಿದ್ದನ್ನೇ, ನಟರ ಚಲನವಲನ ದಾಖಲಿಸುವ ಮೋಷನ್ ಕ್ಯಾಪ್ಚರ್‌ನಲ್ಲಿ ಹಿಡಿದಿದ್ದಾರೆ. ಒಬ್ಬರು ಮಾತಾಡುವಾಗ ಇನ್ನೊಬ್ಬರ ಮುಖ ನೋಡು, ಗೊತ್ತಾಗುತ್ತದೆ.

ಕೊನೆಗೆ ಅವಳು ಇನ್ನು ಮನೆಯಲ್ಲಿ ಬಿದ್ದಿರು ಅನ್ನಲ್ಲ. ಸ್ಯಾಮ್ ಅವಳ ಜೇಬಿಗೆ ಸೇರಿಸಿದ್ದ ಚಿನ್ನದ ನಾಣ್ಯಗಳಿಂದ ನೇಟ್ ಕೆಲಸ ಮಾಡುತ್ತಿದ್ದ ಕಂಪನಿಯನ್ನೇ ಕೊಂಡುಬಿಡುತ್ತಾಳೆ. ಇನ್ನು ಸಾಹಸ ಇಬ್ಬರದೂ, ಪರ್ಮಿಟ್ ಸಮೇತ. ಅವನ ಚಟವನ್ನು ಬಿಡಿಸಲಿಲ್ಲ, ಕದ್ದುಮುಚ್ಚಿ ಮಾಡುವುದನ್ನು ಬಿಡಿಸಿದಳು. ಅದಕ್ಕೇ ಮಗಾ ಈ ಜೋಡಿ ನನಗೆ ಇಷ್ಟ.

ನಿನ್ನ ಕೊನೆಯ ಅಸ್ತ್ರ ಏನು ಅಂತ ಗೊತ್ತು. ಕ್ಲೋಯಿಯೇ ನಾಯಕಿಯಾದ 2017ರ ಗೇಮ್ ‘ಲಾಸ್ಟ್ ಲೆಗಸಿ’. ಕ್ಲೋಯಿ ನಮ್ಮ ಪಶ್ಚಿಮ ಘಟ್ಟಕ್ಕೇ ಬಂದಳು, ಹೊಯ್ಸಳರ ಹೆಸರು, ಹಳೇಬೀಡಿನ ಹೆಸರು ಹೇಳಿದಳು, ಗಣೇಶನ ದಂತ ಹುಡುಕಿದಳು, ಅವಳಪ್ಪ ಬೇರೆ ಇಂಡಿಯಾದವನು. ಹಾಸನದ ಹುಡುಗ ನೀನು, ಕರಗಿದೆ. ಆ ಗೇಮಿನಲ್ಲಿರುವ ಬೆಟ್ಟದಷ್ಟು ದೊಡ್ಡ ಮೂರ್ತಿಗಳಿಗೂ ನಮ್ಮ ಹಳೇಬೀಡಿನ ಕುಸುರಿಗೂ ಏನು ಸಂಬಂಧ ಅಂತ ಕೇಳಲ್ಲ ಬಿಡು. ಒಂದು ಮಾತು ಮಾತ್ರ ಹೇಳುತ್ತೇನೆ. ಕ್ಲೋಯಿ ಅರಳಿದ್ದು ನೇಟ್ ಇಲ್ಲದ ಆ ಗೇಮಿನಲ್ಲೇ. ಅವಳಿಗೂ ಅವನು ಬೇಕಿರಲಿಲ್ಲ.

ನಾಲ್ಕನೇ ಗೇಮೂ ಲಾಸ್ಟ್ ಲೆಗಸಿಯೂ ಒಟ್ಟಿಗೆ 2022ರಲ್ಲೇ ಪಿಸಿಗೆ ಬಂದಿವೆ, ಆದ್ದರಿಂದ ಕನ್ಸೋಲ್ ಇಲ್ಲ ಅನ್ನುವ ನೆಪ ನಡೆಯಲ್ಲ. ಹೋಟೆಲ್ ರೂಮಿನ ಸೀನ್ ಮುಗಿದ ತಕ್ಷಣ ಫೋನ್ ಮಾಡು. ನೇಟ್ ಪರ ವಕಾಲತ್ತು ಮಾಡುವ ಹಾಗಿದ್ದರೆ ಮಾತ್ರ ಊಟ ಮುಗಿಸಿಕೊಂಡು ಮಾಡು, ಅದು ಬೇಗ ಮುಗಿಯುವ ಜಗಳ ಅಲ್ಲ.

ನಿನ್ನ,
ಎಲೆನಾ ಪಾರ್ಟಿಯವನು