ಹಣ ಹಾಕಿದವರಿಗೆ ತಿಂಗಳಿಗೊಂದು ಪತ್ರ

ಚನ್ನರಾಯಪಟ್ಟಣ
ಹಾಸನ ಜಿಲ್ಲೆ

ಪ್ರೀತಿಯ ಮಗಳಿಗೆ,

ಆಶೀರ್ವಾದಗಳು. ಹೋಟೆಲ್‌ಗಳ ದಾಸ್ತಾನು ಲೆಕ್ಕ ಇಡುವ ಆ್ಯಪ್ ನಡೆಸುವ ನಿನ್ನ ಕಂಪನಿಯನ್ನು ದೊಡ್ಡ ಗಿರಾಕಿಯೊಬ್ಬರು ಬಿಟ್ಟುಹೋದ ಮೇಲೆ ಏನು ಬರೆಯುವುದೆಂದು ತೋಚದೆ, ಹೂಡಿಕೆದಾರರಿಗೆ ಪ್ರತಿ ತಿಂಗಳು ಕಳಿಸುತ್ತಿದ್ದ ಅಪ್‌ಡೇಟ್ ನಿಲ್ಲಿಸಿದ್ದೇನೆಂದು ನೀನು ಮೊನ್ನೆ ಫೋನಿನಲ್ಲಿ ಹೇಳಿದೆ. ಮುಂದೆ ಒಳ್ಳೆಯ ಸುದ್ದಿಯೊಂದು ಸಿಕ್ಕಾಗ ಎರಡನ್ನೂ ಸೇರಿಸಿ ಬರೆದರಾಯಿತು ಎಂಬುದು ನಿನ್ನ ಆಲೋಚನೆ. ಅದು ನನಗೆ ಸರಿಕಾಣಲಿಲ್ಲ. ನೀನು ನನಗೆ ಕಳಿಸಿದ್ದ ಹಳೆಯ ಅಪ್‌ಡೇಟ್‌ಗಳನ್ನೆಲ್ಲ ಮತ್ತೊಮ್ಮೆ ಕೂತು ಓದಿ, ನನಗೆ ತಿಳಿದುದನ್ನು ಬರೆಯುತ್ತಿದ್ದೇನೆ.

ಮಹಿಳಾ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿಯಾಗಿ ನಾನು ಮಾಡಿದ ಕೆಲಸ ನಿನ್ನ ಕಂಪನಿಯ ಮುಂದೆ ಚಿಕ್ಕದೇ ಇರಬಹುದು, ಆದರೆ ಇನ್ನೊಬ್ಬರ ದುಡ್ಡಿಗೆ ಲೆಕ್ಕ ಕೊಡುವುದೆಂದರೇನು ಎಂಬುದನ್ನು ನಾನು ಕಲಿತದ್ದು ಅಲ್ಲಿಯೇ. ಬೆಳಿಗ್ಗೆ ಸಂಜೆ ಹಾಲು ಹಾಕಿದವಳ ಕೈಗೆ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ), ದರ ಇಷ್ಟೂ ಬರೆದ ಚೀಟಿ ಹೋಗಲೇಬೇಕಿತ್ತು. ಫ್ಯಾಟ್ ಇಳಿದ ದಿನ ಯಾರೂ ಜಗಳಕ್ಕೆ ಬರುತ್ತಿರಲಿಲ್ಲ. ಹಿಂದಿನ ವಾರದ ಚೀಟಿಗಳನ್ನು ಸೆರಗಿನ ಗಂಟಿನಿಂದ ಬಿಚ್ಚಿ ಹೋಲಿಸಿ ನೋಡಿ, ಹಿಂಡಿ ಬದಲಾಯಿಸಬೇಕೇ, ಹಸಿಮೇವು ಕಡಿಮೆಯಾಯಿತೇ ಎಂದು ತಾವೇ ಕೇಳುತ್ತಿದ್ದರು. ಕಾಲುಬಾಯಿ ಜ್ವರ ಬಂದ ವರ್ಷ ಸಂಘದ ಹಾಲು ಇಳಿಯುತ್ತಾ ಹೋದಾಗಲೂ, ಪ್ರತಿದಿನದ ಒಟ್ಟು ಲೀಟರನ್ನು ಬಾಗಿಲ ಪಕ್ಕದ ಕಪ್ಪು ಹಲಗೆಯ ಮೇಲೆ ಬರೆದೆವು. ಅದನ್ನು ನೋಡಿದ ಸದಸ್ಯರೇ ಪಶುವೈದ್ಯರನ್ನು ಕರೆತಂದರು, ಲಸಿಕೆ ಹಾಕಿಸದೆ ಉಳಿದಿದ್ದ ಮನೆಗಳಿಗೆ ತಾವೇ ಹೋಗಿ ಹೇಳಿದರು. ಹಲಗೆಯನ್ನು ಒರೆಸಿಟ್ಟಿದ್ದರೆ ಅವರಿಗೆ ಸುದ್ದಿ ಬೇರೆ ಕಡೆಯಿಂದ, ಬೇರೆ ಬಣ್ಣದಲ್ಲಿ ತಲುಪುತ್ತಿತ್ತು, ಅಷ್ಟೆ.

ಕಾನೂನಿಗೆ ಬೇಕಾದುದನ್ನು ಹೇಗೂ ಕೊಡುತ್ತೇವಲ್ಲ ಎಂದು ನೀನು ಹೇಳಬಹುದು. 2013ರ ಕಂಪನಿ ಕಾಯ್ದೆಯ ಪ್ರಕಾರ ಆರ್ಥಿಕ ವರ್ಷ ಮುಗಿದ ಆರು ತಿಂಗಳೊಳಗೆ, ಅಂದರೆ ಸೆಪ್ಟೆಂಬರ್ 30ರೊಳಗೆ, ವಾರ್ಷಿಕ ಸಾಮಾನ್ಯ ಸಭೆ ನಡೆಸಿ ಲೆಕ್ಕಪತ್ರ ಮಂಡಿಸುತ್ತೀರಿ. ಆದರೆ ಏಪ್ರಿಲ್‌ನಲ್ಲಿ ಆದ ನಷ್ಟವನ್ನು ಮುಂದಿನ ವರ್ಷದ ಸೆಪ್ಟೆಂಬರ್‌ನಲ್ಲಿ ತಿಳಿದ ಹೂಡಿಕೆದಾರ ಏನು ಮಾಡಿಯಾನು? ನಿನ್ನ ಷೇರುದಾರರ ಒಪ್ಪಂದದಲ್ಲಿ ಮಾಹಿತಿ ಪಡೆಯುವ ಹಕ್ಕಿನ ಕಲಮೊಂದು ಇರುತ್ತದೆ; ಅದನ್ನು ಇವತ್ತೇ ತೆಗೆದು ಓದು. ತಿಂಗಳ ವರದಿ ಕೊಡುತ್ತೇವೆಂದು ಅದರಲ್ಲಿ ಬರೆದಿದ್ದರೆ, ನೀನು ನಿಲ್ಲಿಸಿದ್ದು ಸೌಜನ್ಯದ ಪತ್ರವನ್ನಲ್ಲ, ಸಹಿ ಹಾಕಿ ಕೊಟ್ಟ ಮಾತನ್ನು.

ಇನ್ನು ಅಂಕಿಗಳ ವಿಷಯ. ನಿನ್ನ ಹಳೆಯ ಪತ್ರಗಳಲ್ಲಿ ನನಗೆ ಹೆಚ್ಚು ಕಳವಳ ತಂದದ್ದು ಇದೇ. ಒಂದು ತಿಂಗಳು ನೋಂದಾಯಿಸಿದ ಹೋಟೆಲ್‌ಗಳ ಸಂಖ್ಯೆ, ಇನ್ನೊಂದು ತಿಂಗಳು ಆ್ಯಪ್ ಇಳಿಸಿಕೊಂಡವರ ಸಂಖ್ಯೆ, ಮತ್ತೊಂದು ತಿಂಗಳು ಒಟ್ಟು ಬಿಲ್ಲಿಂಗ್. ಯಾವುದು ಏರಿತೋ ಅದನ್ನೇ ತೋರಿಸಿದ್ದೀಯ. ಓದುವವರು ಲೆಕ್ಕ ಬಲ್ಲವರು, ಅವರಿಗೆ ಇದು ಕಾಣದೆ ಇರುವುದಿಲ್ಲ. ನಾಲ್ಕೈದು ಅಂಕಿಗಳನ್ನು ಆರಿಸಿಕೊಂಡು, ಅವು ಏರಲಿ ಇಳಿಯಲಿ, ಪ್ರತಿ ತಿಂಗಳೂ ಅದೇ ಕ್ರಮದಲ್ಲಿ, ಹಿಂದಿನ ತಿಂಗಳುಗಳ ಅಂಕಿಯನ್ನು ಪಕ್ಕದಲ್ಲಿಟ್ಟು ಬರೆ: ಬ್ಯಾಂಕಿನಲ್ಲಿರುವ ಹಣ, ಚಂದಾ ಆದಾಯ, ಖರ್ಚು, ಹಣ ಕೊಡುತ್ತಿರುವ ಹೋಟೆಲ್‌ಗಳು, ಬಿಟ್ಟುಹೋದವರು. ರನ್‌ವೇಯನ್ನು, ಅಂದರೆ ಕೈಯಲ್ಲಿರುವ ಹಣ ಎಷ್ಟು ತಿಂಗಳಿಗೆ ಬರುತ್ತದೆಂಬುದನ್ನು, ಹೇಗೆ ಲೆಕ್ಕ ಹಾಕಿದೆ ಎಂಬುದನ್ನೂ ತೋರಿಸು. ಬ್ಯಾಂಕಿನಲ್ಲಿ 90 ಲಕ್ಷವಿದ್ದು, ತಿಂಗಳ ಖರ್ಚು 15 ಲಕ್ಷ, ಆದಾಯ 6 ಲಕ್ಷವಾದರೆ ಕೈಯಿಂದ ಹೋಗುವುದು 9 ಲಕ್ಷ, ಆ ಹಣ ಹತ್ತು ತಿಂಗಳಿಗೆ ಬರುತ್ತದೆ. ಒಬ್ಬ ಗಿರಾಕಿ ಹೋಗಿ ಆದಾಯ 5 ಲಕ್ಷಕ್ಕೆ ಇಳಿದರೆ ಅದು ಒಂಬತ್ತು ತಿಂಗಳಾಗುತ್ತದೆ. ಹೊಸದಾಗಿ ಹಣ ಎತ್ತಲು ತಿಂಗಳುಗಟ್ಟಲೆ ಹಿಡಿಯುವುದರಿಂದ ಆ ಒಂದು ತಿಂಗಳ ವ್ಯತ್ಯಾಸ ಸಣ್ಣದಲ್ಲ.

ಆದಾಯವೆಂದು ಯಾವುದನ್ನು ಕರೆಯುತ್ತೀಯ ಎಂಬುದರಲ್ಲೂ ಎಚ್ಚರವಿರಲಿ. ಒಂದು ಹೋಟೆಲ್ ವರ್ಷದ ಚಂದಾ 24,000 ರೂಪಾಯಿಯನ್ನು ಶೇಕಡ 18ರ ಜಿಎಸ್‌ಟಿ ಸೇರಿಸಿ ಒಮ್ಮೆಗೇ ಕಟ್ಟಿದರೆ ಖಾತೆಗೆ 28,320 ರೂಪಾಯಿ ಬರುತ್ತದೆ. ಅದರಲ್ಲಿ 4,320 ರೂಪಾಯಿ ಸರ್ಕಾರದ್ದು. ಉಳಿದದ್ದರಲ್ಲಿ ಆ ತಿಂಗಳ ಆದಾಯ 2,000 ರೂಪಾಯಿ ಮಾತ್ರ, ಮಿಕ್ಕಿದ್ದು ಮುಂದಿನ ಹನ್ನೊಂದು ತಿಂಗಳು ಸೇವೆ ಕೊಟ್ಟು ದುಡಿಯಬೇಕಾದ ಹಣ. ಮಾರ್ಚ್ ತಿಂಗಳ ಪತ್ರದಲ್ಲಿ ಆದಾಯ ದಿಢೀರನೆ ಏರಿ ಏಪ್ರಿಲ್‌ನಲ್ಲಿ ಬಿದ್ದದ್ದು ಇದೇ ಕಾರಣಕ್ಕಲ್ಲವೇ? ಲೆಕ್ಕದ ರೀತಿ ಬದಲಿಸಬೇಕಾದರೆ ಬದಲಿಸು, ಆದರೆ ಬದಲಿಸಿದ್ದೇವೆಂದು ಬರೆದು, ಹಳೆಯ ತಿಂಗಳುಗಳನ್ನೂ ಹೊಸ ರೀತಿಯಲ್ಲೇ ಮತ್ತೆ ತೋರಿಸು.

ಕೆಟ್ಟ ಸುದ್ದಿಯನ್ನು ಪತ್ರದ ಕೊನೆಯಲ್ಲಿ, ವಿಶೇಷಣಗಳ ನಡುವೆ ಅಡಗಿಸಬೇಡ. ಯಾರು ಬಿಟ್ಟರು, ಅದರಿಂದ ಆದಾಯ ಎಷ್ಟು ಇಳಿಯಿತು, ಅವರು ಹೇಳಿದ ಕಾರಣವೇನು, ನಿನಗೆ ಅನ್ನಿಸುವ ಕಾರಣವೇನು, ಈಗ ಏನು ಮಾಡುತ್ತಿದ್ದೀರಿ ಎಂಬುದನ್ನು ಮೊದಲಿಗೇ ನಾಲ್ಕು ಸಾಲಿನಲ್ಲಿ ಬರೆ. ಬಿಲ್ಲಿಂಗ್ ಯಂತ್ರದ ಜೊತೆ ನಿಮ್ಮ ದಾಸ್ತಾನು ಲೆಕ್ಕ ತಾಳೆಯಾಗಲಿಲ್ಲವೆಂದು ನನಗೆ ಹೇಳಿದೆಯಲ್ಲ, ಅದನ್ನೇ ಹಾಗೆಯೇ ಬರೆದರೆ ಸಾಕು. ಹೂಡಿಕೆ ನಿಧಿಗಳು ಮುಂದಿನ ಸುತ್ತಿನ ಹೂಡಿಕೆಗೆಂದು ಒಂದಿಷ್ಟು ಹಣವನ್ನು ಎತ್ತಿಟ್ಟಿರುತ್ತವೆ, ಅದನ್ನು ಯಾವ ಕಂಪನಿಗೆ ಕೊಡಬೇಕೆಂಬ ಯೋಚನೆ ನೀನು ಹೋಗಿ ಕೇಳುವುದಕ್ಕೆ ಎಷ್ಟೋ ಮೊದಲೇ ಶುರುವಾಗಿರುತ್ತದೆ. ತಿಂಗಳುಗಟ್ಟಲೆ ಸುಮ್ಮನಿದ್ದು, ಕಾಸು ಮುಗಿಯುವಾಗ ಒಮ್ಮೆಲೇ ಬಾಗಿಲು ತಟ್ಟಿದವರಿಗೆ ಆ ಹಣ ಸಿಗುವುದು ಕಷ್ಟ. ಅವರೂ ತಮ್ಮ ನಿಧಿಗೆ ಹಣ ಕೊಟ್ಟವರಿಗೆ ವರದಿ ಒಪ್ಪಿಸಬೇಕಾದವರೇ.

ಸಹಾಯ ಕೇಳುವುದಾದರೆ ಬಿಡಿಸಿ ಕೇಳು. ‘ನಿಮ್ಮ ಸಹಕಾರ ಸದಾ ಇರಲಿ’ ಎಂದು ಪ್ರತಿ ಪತ್ರದಲ್ಲೂ ಬರೆದಿದ್ದೀಯ, ಅದಕ್ಕೆ ಯಾರು ಏನೆಂದು ಉತ್ತರ ಕೊಡಬೇಕು? ಮೈಸೂರು ಮತ್ತು ಹಾಸನದಲ್ಲಿ ಮೂರ್ನಾಲ್ಕು ಶಾಖೆಗಳಿರುವ ಹೋಟೆಲ್ ಮಾಲೀಕರ ಪರಿಚಯ ಬೇಕು, ಬಿಲ್ಲಿಂಗ್ ತಂತ್ರಾಂಶದಲ್ಲಿ ಪಳಗಿದ ಎಂಜಿನಿಯರ್ ಒಬ್ಬರು ಬೇಕು ಎಂದು ಬರೆದರೆ, ಓದಿದವರು ಕೂಡಲೇ ಯಾರಿಗಾದರೂ ಫೋನ್ ಮಾಡಿಯಾರು. ನೆರವಾದವರನ್ನು ಮುಂದಿನ ಪತ್ರದಲ್ಲಿ ಹೆಸರು ಹೇಳಿ ನೆನೆಯುವುದನ್ನು ಮರೆಯಬೇಡ.

ಪತ್ರ ಒಂದೂವರೆ ಪುಟ ದಾಟದಿರಲಿ, ಪ್ರತಿ ತಿಂಗಳ ಹತ್ತನೆಯ ತಾರೀಖಿನೊಳಗೆ ಹೋಗಲಿ, ಒಬ್ಬರ ಇಮೇಲ್ ವಿಳಾಸ ಇನ್ನೊಬ್ಬರಿಗೆ ಕಾಣದ ಹಾಗೆ ವಿಳಾಸಗಳನ್ನು ಬಿಸಿಸಿಯಲ್ಲಿ ಹಾಕು. ಅದು ಕೈಯಿಂದ ಕೈಗೆ ದಾಟುವ ಸಾಧ್ಯತೆ ಇರುವುದರಿಂದ ನೌಕರರ ಸಂಬಳ, ಗಿರಾಕಿಗಳ ಗುಟ್ಟು ಅದರಲ್ಲಿ ಬೇಡ. ಮತ್ತೊಂದು ಮಾತು. ದೊಡ್ಡ ನಿಧಿಗೆ ಹೋಗುವ ಪತ್ರವೇ ಸಕಲೇಶಪುರದ ನಿನ್ನ ಮಾವನಿಗೂ ಹೋಗಬೇಕು. ಕಾಫಿ ಮಾರಿದ ಹಣದಲ್ಲಿ ಅವರು ನಿನಗೆ 5 ಲಕ್ಷ ಕೊಟ್ಟರು, ಇವತ್ತಿನವರೆಗೆ ಏನಾಯಿತೆಂದು ಕೇಳಿಲ್ಲ, ಕೇಳುವವರೂ ಅಲ್ಲ. ಅವರು ಓದಿದರೂ ತಿಳಿಯುವ ಹಾಗೆ, ಬರ್ನ್ ಎಂದು ಬರೆದ ಕಡೆಯಲ್ಲೆಲ್ಲ ತಿಂಗಳಿಗೆ ಕೈಯಿಂದ ಹೋಗುವ ಹಣವೆಂದು ಬಿಡಿಸಿ ಬರೆ.

ಬಿಟ್ಟುಹೋದ ತಿಂಗಳುಗಳಿಗೆ ಬೇರೆ ಬೇರೆ ಪತ್ರ ಬರೆಯುವ ಅಗತ್ಯವಿಲ್ಲ. ಅವುಗಳ ಅಂಕಿಗಳನ್ನು ಒಂದೇ ಪಟ್ಟಿಯಲ್ಲಿ ಕೊಟ್ಟು, ಪತ್ರ ನಿಂತದ್ದು ಯಾಕೆಂದು ಒಂದು ವಾಕ್ಯದಲ್ಲಿ ತಿಳಿಸಿ, ಈ ತಿಂಗಳ ವಿಷಯಕ್ಕೆ ಬಾ. ಅಕೌಂಟೆಂಟ್ ಲೆಕ್ಕ ಮುಗಿಸಿಕೊಟ್ಟ ದಿನವೇ ಕರಡು ಬರೆದು ನನಗೆ ಕಳಿಸು; ಅಂಕಿಗಳನ್ನು ನಾನೊಮ್ಮೆ ಕೂಡಿ ನೋಡಿ, ಅದೇ ರಾತ್ರಿ ಫೋನ್ ಮಾಡುತ್ತೇನೆ.

ಇಂತಿ,
ನಿನ್ನ ಅಮ್ಮ