ಇಸ್ರೇಲ್ ಆಳಿಯಿಂದ ಮಗಳಿಗೊಂದು ಪತ್ರ

ಅಲಿಬಾಗ್,
30 ಆಗಸ್ಟ್ 2026

ಚಿರಂಜೀವಿ ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ. ಮಳೆ ಕಡಿಮೆಯಾದ ಮೇಲೆ ಅಪ್ಪನ ಮೊಣಕಾಲು ನೋವು ಇಳಿದಿದೆ. ಬೆಳಿಗ್ಗೆ ಮತ್ತೆ ಸಮುದ್ರದ ಕಡೆ ನಡೆದು ಬರುತ್ತಿದ್ದಾರೆ. ನಿನ್ನ ಊಟ, ನಿದ್ದೆ ಸರಿಯಾಗಿದೆಯೆಂದು ನಂಬಿದ್ದೇನೆ.

ಮೊನ್ನೆ ಫೋನಿನಲ್ಲಿ, “ಮಾವಶಿಯವರ ಸಿನಗಾಗ್ ಇನ್ನೂ ನಡೆಯುತ್ತಿದೆಯೇನಮ್ಮ? ಎಲ್ಲರೂ ಇಸ್ರೇಲಿಗೆ ಹೋದ ಮೇಲೆ ಅಲ್ಲಿ ಉಳಿದಿರುವವರು ಯಾರು?” ಎಂದು ಆ ಯೆಹೂದಿ ಪ್ರಾರ್ಥನಾ ಮಂದಿರದ ಬಗ್ಗೆ ಕೇಳಿದೆಯಲ್ಲ. ಎರಡು ಮಾತಿನಲ್ಲಿ ಮುಗಿಸುವ ವಿಷಯ ಅದಲ್ಲ ಎಂದು ಆಗ ಸುಮ್ಮನಾದೆ. ನೀನು ಅಂಬೆಗಾಲಿಟ್ಟ ಅಂಗಳ ನಮ್ಮ ನೆರೆಯ ಮಾವಶಿಯದು. ನಿನಗೆ ಇದನ್ನೆಲ್ಲ ಬಿಡಿಸಿ ಬರೆಯಬೇಕು ಅನ್ನಿಸಿತು. ಜೊತೆಗೆ, ಅಕ್ಟೋಬರ್ ಮೊದಲ ವಾರ ನೀನು ಇಲ್ಲಿಗೆ ಬರಬೇಕು. ಯಾಕೆ ಎಂಬುದನ್ನೂ ಹೇಳುತ್ತೇನೆ.

ನಡೆಯುತ್ತಿದೆ ಪುಟ್ಟಿ. ಮಾಗೆನ್ ಅಬೋತ್ ಸಿನಗಾಗ್ 1848ರಲ್ಲಿ ಶುರುವಾದದ್ದು. ಈಗಿರುವ ಕಟ್ಟಡ ಎದ್ದದ್ದು 1910ರಲ್ಲಿ. ಒಂದು ಕಾಲಕ್ಕೆ ನಮ್ಮ ಓಣಿ ಇಸ್ರೇಲ್ ಆಳಿಯ ಮನೆಮನೆಯೂ ಕೊಂಕಣದ ಯೆಹೂದಿಗಳಾದ ಬೆನೆ ಇಸ್ರೇಲರದೇ ಆಗಿತ್ತಂತೆ. ಈಗ ಕೈಬೆರಳಲ್ಲಿ ಎಣಿಸುವಷ್ಟು ಮನೆಗಳು. ಬಾಗಿಲು ತೆರೆಯಲು, ಕಸ ಗುಡಿಸಲು, ದೀಪ ಹಚ್ಚಲು ಜನ ಸಾಕು. ಆದರೆ ಪೂರ್ಣ ಪ್ರಾರ್ಥನೆ ನಡೆಯಬೇಕಾದರೆ ಹದಿಮೂರು ತುಂಬಿದ ಗಂಡಸರು ಹತ್ತು ಮಂದಿ ಸೇರಲೇಬೇಕು. ಒಂಬತ್ತು ಮಂದಿ ಇದ್ದರೆ ಅವರ ಧರ್ಮಗ್ರಂಥವಾದ ತೋರಾ ಸುರುಳಿಯನ್ನು ಹೊರತೆಗೆದು ಓದುವಂತಿಲ್ಲ. ಸತ್ತವರ ನೆನಪಿಗೆ ಮನೆಯವರು ಹೇಳುವ ಕದ್ದೀಶ್ ಕೂಡ ಹೇಳುವಂತಿಲ್ಲ.

ಜುಲೈಯಲ್ಲಿ ಮಾವಶಿಯ ಯಜಮಾನರ ವರ್ಷದ ದಿನ ಬಂತು. ವಾರ ಮೊದಲೇ ಮಾವಶಿ ಫೋನು ಹಿಡಿದು ಕೂತರು. ಪೇಣ್‌ನಿಂದ ಇಬ್ಬರು, ರೇವದಂಡಾದಿಂದ ಒಬ್ಬರು, ಪನ್ವೇಲ್‌ನಿಂದ ಅಣ್ಣತಮ್ಮಂದಿರು ಇಬ್ಬರು ಬರುವುದಾಗಿ ಒಪ್ಪಿದರು. ಆ ದಿನ ಧೋ ಎಂದು ಮಳೆ. ಪನ್ವೇಲಿನವರ ಬಸ್ಸು ದಾರಿಯಲ್ಲಿ ನಿಂತಿತ್ತು. ಒಳಗೆ ಹಿರಿಯರೊಬ್ಬರು ಮತ್ತೆ ಮತ್ತೆ ಎಣಿಸುತ್ತಿದ್ದರು. ಅವರಲ್ಲಿ ಜನರನ್ನು ಒಂದು, ಎರಡು ಎಂದು ಎಣಿಸುವ ಪದ್ಧತಿ ಇಲ್ಲ. ಹೀಬ್ರೂವಿನಲ್ಲಿ ಹತ್ತು ಪದಗಳ ಒಂದು ವಚನವಿದೆ. ತಲೆಗೊಂದು ಪದ ಹೇಳುತ್ತಾ ಹೋಗುತ್ತಾರೆ. ವಚನ ಪೂರ್ತಿಯಾದರೆ ಜನ ಸೇರಿದರು ಎಂದರ್ಥ. ಅಂದು ವಚನ ಎಂಟನೆಯ ಪದಕ್ಕೇ ನಿಲ್ಲುತ್ತಿತ್ತು. ನಾನು ಮಾವಶಿಯ ಪಕ್ಕದಲ್ಲೇ ಕೂತಿದ್ದೆ. ಅವರ ಕೈ ತಣ್ಣಗಿತ್ತು. ಕೊನೆಗೆ ಆ ಅಣ್ಣತಮ್ಮಂದಿರು ತೊಯ್ದು ತೊಪ್ಪೆಯಾಗಿ ಒಳಗೆ ಕಾಲಿಟ್ಟಾಗ ಮಾವಶಿ ಸೆರಗನ್ನು ಮುಖಕ್ಕೆ ಒತ್ತಿಕೊಂಡರು. ನನಗೂ ತಡೆಯಲಾಗಲಿಲ್ಲ. ಒಬ್ಬ ಮನುಷ್ಯ ಬಂದು ನಿಲ್ಲುವುದಕ್ಕೆ ಇಷ್ಟು ತೂಕ ಇರುತ್ತದೆ ಎಂದು ನನಗೆ ಗೊತ್ತಾದದ್ದು ಈ ಜನರ ನೆರೆಯಲ್ಲಿ.

ಈಗ ಮುಂದಿನ ತಿಂಗಳ ಸಡಗರ ಹೇಳುತ್ತೇನೆ ಕೇಳು. ಈ ಸಲ ಅವರ ಹೊಸ ವರ್ಷ ಸೆಪ್ಟೆಂಬರ್ 12 ಮತ್ತು 13ಕ್ಕೆ, ಶನಿವಾರ ಮತ್ತು ಭಾನುವಾರ. ಮಾವಶಿ ಅದನ್ನು ಈಗಲೂ ನವ್ಯಾಚಾ ಸಣ್ ಎಂದೇ ಕರೆಯುವುದು. ಅವರ ಲೆಕ್ಕದಲ್ಲಿ 5787ನೆಯ ವರ್ಷ ಶುರು. ಹಲ್ವದ ಕೆಲಸ ಗುರುವಾರವೇ ಆಗಬೇಕು. ಗೋಧಿ ನೆನೆಸಿ, ಅರೆದು, ಹಿಂಡಿ ತೆಗೆದ ಹಾಲಿಗೆ ತೆಂಗಿನ ಹಾಲು, ಸಕ್ಕರೆ ಸೇರಿಸಿ ಗಂಟೆಗಟ್ಟಲೆ ಕೈಬಿಡದೆ ಮಗುಚುತ್ತಿರಬೇಕು. ಹಸುವಿನ ಹಾಲು, ತುಪ್ಪ ಅದಕ್ಕೆ ಬೀಳುವುದಿಲ್ಲ, ಏಕೆಂದರೆ ಹಬ್ಬದೂಟದಲ್ಲಿ ಮಾಂಸ ಇರುತ್ತದೆ, ಮಾಂಸದ ಜೊತೆ ಹಾಲಿನ ಪದಾರ್ಥ ಅವರು ಮುಟ್ಟುವುದಿಲ್ಲ. ಮಾವಶಿಗೆ ಈಗ ರಟ್ಟೆಯಲ್ಲಿ ಮೊದಲಿನ ಕಸುವಿಲ್ಲ. ಸಟ್ಟುಗ ಹಿಡಿಯುವ ಸರದಿ ನನ್ನದು ಮತ್ತು ಮೂಲೆಮನೆಯ ಮೀನುಗಾರ ಹೆಂಗಸಿನದು.

ಮೊದಲ ದಿನ ಶನಿವಾರ ಬಂದಿರುವುದರಿಂದ ಆ ದಿನ ಶೋಫಾರ್ ಊದುವುದಿಲ್ಲ. ಟಗರಿನ ಕೊಂಬಿನ ಆ ದನಿ ಕೇಳಬೇಕಾದರೆ ಭಾನುವಾರದವರೆಗೆ ಕಾಯಬೇಕು. ಅಂದು ಸಂಜೆ ಎಲ್ಲರೂ ಸಮುದ್ರದ ದಂಡೆಗೆ ಹೋಗಿ, ತಮ್ಮ ಪಾಪಗಳನ್ನು ಕಡಲಿನ ಆಳಕ್ಕೆ ಎಸೆಯೆಂದು ದೇವರನ್ನು ಬೇಡಿಕೊಳ್ಳುತ್ತಾರೆ. ಮರುದಿನ ಸೋಮವಾರವೇ ನಮ್ಮ ಚೌತಿ! ಒಂದೂವರೆ ದಿನದ ಗಣಪತಿಗಳು ಮಂಗಳವಾರ ಅದೇ ದಂಡೆಯಲ್ಲಿ, ಅದೇ ಕೊಲಾಬಾ ಕೋಟೆಯೆದುರು ನೀರಿಗಿಳಿಯುತ್ತವೆ. ಮಾವಶಿಯ ಮನೆಯ ಹಲ್ವ ಇಲ್ಲಿಗೆ, ನಮ್ಮ ಮನೆಯ ಕಡುಬು ಅಲ್ಲಿಗೆ. ಈ ವರ್ಷ ಎರಡು ತಟ್ಟೆಗಳೂ ಒಂದರ ಹಿಂದೊಂದು ಬೀದಿ ದಾಟಲಿವೆ.

ಭಾನುವಾರ 20ರ ಸೂರ್ಯಾಸ್ತದಿಂದ ಸೋಮವಾರ ರಾತ್ರಿಯವರೆಗೆ ಪ್ರಾಯಶ್ಚಿತ್ತದ ದಿನ ಯೋಮ್ ಕಿಪ್ಪುರ್‌ನ ಉಪವಾಸ. ನೀರೂ ಇಲ್ಲ. ಹಿಂದೆ ಆ ದಿನ ಮನೆಯ ಬಾಗಿಲು ಹಾಕಿಕೊಂಡು, ಯಾರನ್ನೂ ಮುಟ್ಟಿಸಿಕೊಳ್ಳದೆ, ಬಿಳಿ ಬಟ್ಟೆಯಲ್ಲಿ ಕಳೆಯುತ್ತಿದ್ದರು. ಹಾಗಾಗಿಯೇ ಹಳಬರು ಇದನ್ನು ಬಾಗಿಲು ಮುಚ್ಚುವ ಹಬ್ಬ ಅನ್ನುತ್ತಾರೆ. ಮಾವಶಿಗೆ ಸಕ್ಕರೆ ಕಾಯಿಲೆ ಇರುವುದರಿಂದ ವೈದ್ಯರು ಪೂರ್ತಿ ಉಪವಾಸ ಬೇಡವೆಂದಿದ್ದಾರೆ. ಜೀವ ಉಳಿಸಿಕೊಳ್ಳುವುದೂ ಅವರ ಧರ್ಮದಲ್ಲಿ ದೊಡ್ಡ ಆಜ್ಞೆಯೇ. ಆದರೂ ಅವರ ಮನಸ್ಸು ಒಪ್ಪುತ್ತಿಲ್ಲ. ನೀನೊಮ್ಮೆ ಫೋನು ಮಾಡಿ ಹೇಳು, ನಿನ್ನ ಮಾತು ಕೇಳುತ್ತಾರೆ. ಉಪವಾಸದ ಮರುದಿನ ಶಿಳಾ ಸಣ್. ಅಂದು ಬಡವರಿಗೆ ದಾನ ಕೊಟ್ಟು, ನೆಂಟರಿಷ್ಟರ ಮನೆಗಳಿಗೆ ಹೋಗಿಬರುತ್ತಾರೆ.

ಆಮೇಲೆ ಸೆಪ್ಟೆಂಬರ್ 26ರಿಂದ ಚಪ್ಪರದ ಹಬ್ಬ, ಸುಕ್ಕೋತ್. ಈಜಿಪ್ಟಿನ ಗುಲಾಮಗಿರಿಯಿಂದ ಬಿಡಿಸಿಕೊಂಡು ಹೊರಟ ಪೂರ್ವಿಕರು ಮರುಭೂಮಿಯಲ್ಲಿ ಗುಡಿಸಲುಗಳಲ್ಲಿ ಉಳಿದುಕೊಂಡಿದ್ದರಲ್ಲ, ಅದರ ನೆನಪು. ನಮ್ಮ ಹಿತ್ತಿಲ ತೆಂಗಿನ ಗರಿಗಳು ಪ್ರತಿ ವರ್ಷ ಹೋಗುವುದು ಈ ಚಪ್ಪರಕ್ಕೇ. ಗರಿಗಳನ್ನು ಒತ್ತಾಗಿ ಹೊದಿಸುವಂತಿಲ್ಲ, ಒಳಗೆ ಕೂತವರಿಗೆ ಸಂದಿಯಿಂದ ನಕ್ಷತ್ರ ಕಾಣಬೇಕು. ಅಪ್ಪ ಈಗಲೇ ಗರಿ ಕಡಿಯುವವನಿಗೆ ಹೇಳಿಟ್ಟಿದ್ದಾರೆ. ಒಳಗೆ ಹಣ್ಣುಗಳನ್ನು ದಾರಕ್ಕೆ ಕಟ್ಟಿ ತೂಗುಬಿಡುತ್ತಾರೆ. ನೀನು ಎರಡನೆಯ ಇಯತ್ತೆಯಲ್ಲಿದ್ದಾಗ ಆ ಮೋಸಂಬಿಯತ್ತ ನೆಗೆದು ನೆಗೆದು ಕೊನೆಗೆ ಮಾವಶಿಯ ಯಜಮಾನರ ಹೆಗಲೇರಿದ್ದು ನೆನಪಿದೆಯೇ? ಮಾದಲ ಹಣ್ಣು, ಖರ್ಜೂರದ ಮರದ ಸುಳಿಗರಿ ಮತ್ತು ಇನ್ನೆರಡು ಬಗೆಯ ಟೊಂಗೆಗಳನ್ನು ಕೈಯಲ್ಲಿ ಹಿಡಿದು ಪ್ರಾರ್ಥಿಸಬೇಕು. ಅವುಗಳನ್ನು ಮುಂಬೈಯಿಂದ ಯಾರಾದರೂ ತರುತ್ತಾರೆ. ಮಳೆಗಾಲಕ್ಕೆ ನಿಂತಿದ್ದ ಮುಂಬೈ ಗೇಟ್‌ವೇಯ ಲಾಂಚುಗಳು ಆ ಹೊತ್ತಿಗೆ ನಮ್ಮ ಹತ್ತಿರದ ಮಾಂಡವಾ ಜೆಟ್ಟಿಗೆ ಮತ್ತೆ ಓಡಾಡುತ್ತಿರುತ್ತವೆ.

ಹಬ್ಬದ ಕೊನೆಗೆ ಸಿಮ್ಹಾತ್ ತೋರಾ. ವರ್ಷವಿಡೀ ವಾರವಾರವೂ ಓದುತ್ತಾ ಬಂದ ತೋರಾವನ್ನು ಅಂದು ಮುಗಿಸಿ, ಅದೇ ಕೂಟದಲ್ಲಿ ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. ಸುರುಳಿಗಳನ್ನು ಎದೆಗವಚಿಕೊಂಡು ಕುಣಿಯುತ್ತಾರೆ. ಅದು ಅಕ್ಟೋಬರ್ 3ರ ಶನಿವಾರ ಕತ್ತಲಾದ ಮೇಲೆ ಶುರುವಾಗಿ ಭಾನುವಾರ ಇಡೀ ದಿನ. ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಭಾನುವಾರ ರಾತ್ರಿಯವರೆಗೂ ವಾಹನದಲ್ಲಿ ಓಡಾಡುವಂತಿಲ್ಲ. ಆದ್ದರಿಂದ ಮುಂಬೈ, ಠಾಣೆಗಳಿಂದ ಬರುವವರು ಇಲ್ಲಿಯೇ ಉಳಿಯಬೇಕು. ನಮ್ಮ ಮಾಳಿಗೆಯ ಕೋಣೆಯನ್ನು ಇಬ್ಬರು ಹಿರಿಯರಿಗೆ ಕೊಡುವುದೆಂದು ಅಪ್ಪ ಮಾತು ಕೊಟ್ಟಿದ್ದಾರೆ. ಹಾಸಿಗೆಗಳನ್ನು ಬಿಸಿಲಿಗೆ ಹಾಕಲು ಒಂದೆರಡು ಒಳ್ಳೆಯ ದಿನ ಸಿಗಲಿ ಎಂದು ಆಕಾಶ ನೋಡುತ್ತಿದ್ದೇನೆ.

ಈ ಸಲ ಇನ್ನೂ ಒಂದು ಸಂತೋಷವಿದೆ. ಇಸ್ರೇಲಿನ ಅಶ್ದೋದ್‌ನಲ್ಲಿರುವ ಮಾವಶಿಯ ಮಗ ಸಂಸಾರ ಸಮೇತ ಬರುತ್ತಿದ್ದಾನೆ. ಮೊಮ್ಮಗನಿಗೆ ಹದಿಮೂರು ತುಂಬಿದೆ. ಅವನ ಅಜ್ಜ ಪ್ರಾರ್ಥಿಸಿದ ಮಂದಿರದಲ್ಲಿ ಅವನನ್ನೂ ಹತ್ತರಲ್ಲಿ ಒಬ್ಬನೆಂದು ಎಣಿಸುತ್ತಾರೆ. ಈ ವಿಷಯ ಹೇಳಲು ಮಾವಶಿ ಬೆಳಿಗ್ಗೆ ಏಳಕ್ಕೇ ನಮ್ಮ ಬಾಗಿಲು ತಟ್ಟಿದ್ದರು.

ಸೋಮವಾರ, ಅಕ್ಟೋಬರ್ 5ಕ್ಕೆ, ಇಲ್ಲೇ ಹತ್ತಿರದ ಖಂಡಾಳಾ ಹಳ್ಳಿಯ ಬಂಡೆಯ ಬಳಿ ಮಲೀದಾ. ನೀನು ಬರಬೇಕಾದದ್ದು ಮುಖ್ಯವಾಗಿ ಇದಕ್ಕೆ. ಪ್ರವಾದಿ ಎಲಿಯಾಹು ಹನ್ನಾಬಿ ರಥವೇರಿ ಆಕಾಶಕ್ಕೆ ಹೋದರು, ಆ ರಥದ ಗುರುತು ಈ ಬಂಡೆಯ ಮೇಲಿದೆ ಎಂಬುದು ಅವರ ನಂಬಿಕೆ. ಹರಕೆ ತೀರಿದಾಗ, ಮದುವೆಗೆ ಮುನ್ನ, ಹೊಸ ಮನೆ ಹೊಕ್ಕಾಗ ಎಲಿಯಾಹುವಿನ ಹೆಸರಿನಲ್ಲಿ ಮಲೀದಾ ಮಾಡುತ್ತಾರೆ. ನೆನೆಸಿದ ಅವಲಕ್ಕಿಗೆ ತೆಂಗಿನ ತುರಿ, ಸಿಹಿ, ಏಲಕ್ಕಿ, ಗೋಡಂಬಿ, ದ್ರಾಕ್ಷಿ ಬೆರೆಸಿ ತಟ್ಟೆಯಲ್ಲಿ ಗುಡ್ಡೆಹಾಕಿ, ಸುತ್ತ ಹಣ್ಣು ಜೋಡಿಸಿಟ್ಟು ಪ್ರಾರ್ಥಿಸಿ ಹಂಚುವುದು. ಮೊದಲ ಸಲ ತಿಂದಾಗ ಕುಂದಾಪುರದ ನಮ್ಮ ಅಜ್ಜಿಯ ಅವಲಕ್ಕಿ ಪಂಚಕಜ್ಜಾಯವೇ ಬಾಯಿಗೆ ಬಂದಂತಾಗಿ, ಮದುವೆಯಾಗಿ ಬಂದ ಹೊಸತರಲ್ಲಿ ಈ ಊರಿನಲ್ಲಿ ನನಗಿದ್ದ ಪರಕೀಯತೆ ಅಂದೇ ಹೋಯಿತು. ಜಗತ್ತಿನ ಬೇರೆ ಯೆಹೂದಿಗಳಲ್ಲಿ ಈ ಕ್ರಮ ಇಲ್ಲ. ಇದು ಕೊಂಕಣದ ಬೆನೆ ಇಸ್ರೇಲರದು. ಇಸ್ರೇಲಿಗೆ ಹೋದವರು ಅಲ್ಲಿಯೂ ಬಿಡದೆ ಮಾಡುತ್ತಾರಂತೆ. ಕಾಯಿ ತುರಿಯಲು, ಹಣ್ಣು ಹೆಚ್ಚಲು ನಮಗೆ ಚುರುಕಾದ ಕೈಗಳು ಬೇಕು. ಮೂವತ್ತು ಜನಕ್ಕಾಗುವಷ್ಟು ಮಾಡಬೇಕು ಎಂದಿದ್ದಾರೆ ಮಾವಶಿ.

ನಿನ್ನ ಮೈಸೂರಿಗೂ ಈ ಜನರಿಗೂ ಒಂದು ಹಳೆಯ ನಂಟಿದೆ ಪುಟ್ಟಿ. ನವಗಾವ್ ಕಡಲಲ್ಲಿ ಹಡಗು ಒಡೆದು ಏಳು ಗಂಡಸರು, ಏಳು ಹೆಂಗಸರು ಬದುಕಿ ದಡ ಸೇರಿದರು ಎಂಬಲ್ಲಿಂದ ಇವರ ಕಥೆ ಶುರುವಾಗುತ್ತದೆ. ಎಣ್ಣೆ ಗಾಣ ನಡೆಸಿಕೊಂಡು, ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದುದರಿಂದ ಊರವರು ಇವರನ್ನು ಶನಿವಾರ ತೇಲಿ, ಅಂದರೆ ಶನಿವಾರದ ಗಾಣಿಗರು, ಎಂದರು. ಪುಸ್ತಕಗಳು ಕಳೆದುಹೋಗಿ, ಪ್ರಾರ್ಥನೆಗಳೂ ಮರೆತುಹೋದ ಮೇಲೆ ಶನಿವಾರದ ವಿಶ್ರಾಂತಿ, ಸುನ್ನತಿ, ‘ಶೆಮಾ’ ಎಂಬ ಒಂದು ಪ್ರಾರ್ಥನೆ ಇಷ್ಟನ್ನು ಹಿಡಿದುಕೊಂಡೇ ಶತಮಾನಗಳನ್ನು ದಾಟಿದರು. ಅವರಲ್ಲಿ ಸಾಮ್ಯುಯೆಲ್ ದಿವೇಕರ್ ಎಂಬವರು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ಅಧಿಕಾರಿಯಾಗಿದ್ದರು. ಟಿಪ್ಪುವಿನೊಡನೆ ನಡೆದ ಯುದ್ಧದಲ್ಲಿ ಸೆರೆಸಿಕ್ಕರು. ಬೆನೆ ಇಸ್ರೇಲ್ ಎಂಬ ಹೆಸರು ಕುರಾನಿನಲ್ಲಿ ಬರುತ್ತದೆ, ಇವರನ್ನು ಕೊಲ್ಲಬೇಡ ಎಂದು ಟಿಪ್ಪುವಿನ ತಾಯಿ ಮಗನಲ್ಲಿ ಕೇಳಿಕೊಂಡರೆಂದು ಸಮುದಾಯದಲ್ಲಿ ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ಬಿಡುಗಡೆಯಾದ ದಿವೇಕರ್ ಹರಕೆ ತೀರಿಸಲು 1796ರಲ್ಲಿ ಮುಂಬೈಯ ಮಾಂಡವಿಯಲ್ಲಿ ಕಟ್ಟಿಸಿದ್ದೇ ಶಾಆರ್ ಹಾರಹಮೀಮ್, ಆ ನಗರದ ಮೊದಲ ಸಿನಗಾಗ್. ಅದರ ಬೀದಿಗೆ ಇಂದಿಗೂ ಅವರದೇ ಹೆಸರು. ತೋರಾ ಸುರುಳಿ ತರಲೆಂದು ಕೊಚ್ಚಿಗೆ ಹೋದವರು ಅಲ್ಲಿಯೇ ತೀರಿಕೊಂಡರು.

ಮಾವಶಿಯ ಮೊಮ್ಮಗ ಈ ಕಥೆ ಕೇಳಿ ಶ್ರೀರಂಗಪಟ್ಟಣ ಎಲ್ಲಿದೆ, ಕೋಟೆ ಹೇಗಿದೆ ಎಂದು ವಿಡಿಯೋ ಕರೆಯಲ್ಲಿ ಅಜ್ಜಿಯನ್ನು ಪೀಡಿಸುತ್ತಿದ್ದಾನಂತೆ. ಅವರು ನನ್ನನ್ನು ಕೇಳಿದರು. ನಾನು, “ನಮ್ಮ ಪುಟ್ಟಿ ಅದರ ಪಕ್ಕದಲ್ಲೇ ಇದ್ದಾಳೆ, ಅವಳೇ ಬಂದು ಹೇಳುತ್ತಾಳೆ” ಎಂದುಬಿಟ್ಟಿದ್ದೇನೆ. ಒಂದು ಭಾನುವಾರ ಹೋಗಿ ಕೋಟೆಯ ಗೋಡೆ, ಕಾವೇರಿ, ಸೆರೆಮನೆಗಳ ಫೋಟೊ ತೆಗೆದುಕೊಂಡು ಬಾ.

ಅಕ್ಟೋಬರ್ 2 ಶುಕ್ರವಾರ ಗಾಂಧಿ ಜಯಂತಿ, ರಜೆ ಹೇಗೂ ಇದೆ. ಸೋಮವಾರ, ಮಂಗಳವಾರ ಎರಡು ದಿನ ರಜೆ ಹಾಕು. ಗುರುವಾರ ರಾತ್ರಿ ಬೆಂಗಳೂರಿನಿಂದ ಮುಂಬೈ ಬಸ್ಸು ಹಿಡಿದು ಪನ್ವೇಲ್‌ನಲ್ಲಿ ಇಳಿದರೆ ಅಲ್ಲಿಂದ ಎಸ್.ಟಿ. ಬಸ್ಸು ಸಿಗುತ್ತದೆ. ಅಪ್ಪ ಬಸ್ ನಿಲ್ದಾಣಕ್ಕೆ ಬರುತ್ತಾರೆ. ಆ ವಾರಾಂತ್ಯದ ಟಿಕೆಟ್ ಬೇಗ ಮುಗಿಯುತ್ತದೆ, ಈ ಪತ್ರ ಕೈಸೇರಿದ ದಿನವೇ ಕಾಯ್ದಿರಿಸು. ಮಾಳಿಗೆಯ ಕೋಣೆ ಹೋಗಿರುವುದರಿಂದ ನಿನಗೆ ನನ್ನ ಪಕ್ಕದಲ್ಲೇ ಹಾಸಿಗೆ. ಬರುವಾಗ ನಂಜನಗೂಡು ರಸಬಾಳೆ ಒಂದು ಚಿಪ್ಪು ಸಿಕ್ಕಿದರೆ ತಾ, ಮಲೀದಾ ತಟ್ಟೆಗೆ ಇಡೋಣ ಎಂದು ಮಾವಶಿಗೂ ಹೇಳಿದ್ದೇನೆ.

ಇಂತು ನಿನ್ನ ಪ್ರೀತಿಯ
ಅಮ್ಮ